ಜೇಬಿಗೊಂದು ಚಾಕು

ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ನಮ್ಮೂರಿನ ಕಡೆ ಗಂಡಸರ ಜೇಬಿನ ಚಾಕುವಿನ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಜಾತ್ರೆಪೇಟೆಯಲ್ಲಿ ಬಳೆ, ಬತ್ತಾಸು, ಬಲೂನಿನ ಸಾಲು ದಾಟಿದರೆ ನೆಲದ ಮೇಲೆ ಗೋಣಿ ಹಾಸಿ ಕಬ್ಬಿಣದ ಸಾಮಾನು ಹರವಿಕೊಂಡವರು ಸಿಗುತ್ತಿದ್ದರು. ಅಡಕತ್ತರಿ, ಸೌಟು, ತುರಿಮಣೆ, ಎತ್ತಿನ ಗಂಟೆಗಳ ನಡುವೆ ಮಡಚುವ ಚಾಕುಗಳದೊಂದು ಗುಡ್ಡೆ. ಅದರಲ್ಲಿ ಎರಡೇ ಜಾತಿ: ಹಿತ್ತಾಳೆ ತಗಡಿನ ಹಿಡಿಯದ್ದು, ಮೀನಿನ ಆಕಾರದ ಪ್ಲಾಸ್ಟಿಕ್ ಹಿಡಿಯದ್ದು. ದೊಡ್ಡವರು ಹಿತ್ತಾಳೆಯದನ್ನು ಕೊಳ್ಳುತ್ತಿದ್ದರು, ಮಕ್ಕಳು ಮೀನಿಗೆ ಹಟ ಹಿಡಿಯುತ್ತಿದ್ದರು. ಗುಡ್ಡೆಯಿಂದ ಒಂದೊಂದೇ ಎತ್ತಿ, ಬಿಚ್ಚಿ, ಮಡಚಿ, ಅಲಗು ಅಲ್ಲಾಡದ ಒಂದು ಕೈಗೆ ಸಿಕ್ಕರೆ ವ್ಯಾಪಾರ ಮುಗಿಯಿತು. ಉಕ್ಕು ಯಾವುದು, ಎಲ್ಲಿಯದು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಮಾರುವವನಿಗೆ ಗೊತ್ತಿರಲಿಲ್ಲ.

ಕಳೆದ ವರ್ಷ ತಂಗಿಯ ಮಗ ಇಂಗ್ಲೆಂಡಿಗೆ ಕೆಲಸಕ್ಕೆ ಹೊರಟವನು, "ಮಾವ, ದಿನಾ ಜೇಬಲ್ಲಿ ಇಟ್ಗಳಲೆ ಯಾವ ಚಾಕು ತಗಳ್ಲಿ?" ಎಂದು ಕೇಳಿದ. ಕೇಳುವ ಮುಂಚೆಯೇ ಲ್ಯಾಪ್‌ಟಾಪಿನಲ್ಲಿ ದೊಡ್ಡದೊಂದು ಪಟ್ಟಿ ಮಾಡಿದ್ದ. ಉಕ್ಕಿನ ಹೆಸರು, ಗಡಸುತನದ ಅಂಕಿ, ಬೀಗದ ನಮೂನೆ, ತೂಕ, ಒಂದೇ ಕೈಯಲ್ಲಿ ಬಿಚ್ಚಬಹುದೇ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇದೆಯೇ. ನಾನು ಒಂದೇ ಪ್ರಶ್ನೆ ಕೇಳಿದೆ: "ಅದ್ರಲ್ಲಿ ಎಂತ ಕೊಯ್ತೆ?" ಅವನು ಸ್ವಲ್ಪ ಯೋಚಿಸಿ, ಕೊರಿಯರ್ ಡಬ್ಬ, ಸೇಬು ಎಂದ. ಪಟ್ಟಿಯಲ್ಲಿ ಆ ಕಾಲಮ್ಮು ಇರಲಿಲ್ಲ.

ಅಜ್ಜನಿಗೆ ಇದೇ ಪ್ರಶ್ನೆ ಕೇಳಿದ್ದರೆ ಉತ್ತರಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ಬೆಳಗಿನ ಆಸರಿ ಮುಗಿಸಿ ಕವಳದ ಬಟ್ಟಲು ಎಳೆದುಕೊಂಡಾಗ ಚಾಕು ಮೊದಲ ಸಲ ಹೊರಬರುತ್ತಿತ್ತು. ಎಲೆಯ ತೊಟ್ಟು ತೆಗೆಯುವುದಕ್ಕೆ, ಹೊಗೆಸೊಪ್ಪು ತುಂಡು ಮಾಡುವುದಕ್ಕೆ. ಆಮೇಲೆ ತೋಟದಲ್ಲಿ ಬಾಳೆಪಟ್ಟೆ ಸೀಳಿ ಬಳ್ಳಿ ಮಾಡುವುದು, ಮೆಣಸಿನ ಬಳ್ಳಿ ಕತ್ತರಿಸಿ ಮರಕ್ಕೆ ಕಟ್ಟುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನ ಪೊಟ್ಟಣ ಒಡೆಯುವುದು, ಕಾಲಿಗೆ ಹೊಕ್ಕ ಮುಳ್ಳು ಕೀಳುವುದು, ಉಗುರು ತೆಗೆಯುವುದು, ಬಂದ ಇನ್‌ಲ್ಯಾಂಡ್ ಪತ್ರ ಬಿಡಿಸುವುದು, ಮೊಮ್ಮಕ್ಕಳ ಪೆನ್ಸಿಲ್ ಕೆತ್ತಿಕೊಡುವುದು. ಮಾವಿನಕಾಯಿ ಹೆಚ್ಚಿ ಉಪ್ಪು ಹಚ್ಚಿ ಕೊಡುತ್ತಿದ್ದುದೂ ಅದೇ ಚಾಕುವಿನಲ್ಲಿ. ನಡುವೆ ತೊಳೆಯುವುದು ಎಂದರೆ ಪಂಚೆಯ ಅಂಚಿಗೆ ಎರಡು ಸಲ ಒರೆಸುವುದು. ಮೈಲುತುತ್ತು, ಮುಳ್ಳು, ಮಾವಿನಕಾಯಿ ಇದೇ ಕ್ರಮದಲ್ಲಿ ಬಂದ ದಿನಗಳೂ ಇದ್ದಿರಬೇಕು. ಹಳೆಯ ಕಾಲ ಆರೋಗ್ಯಕರ ಎನ್ನುವವರ ಎದುರು ನಾನು ಈ ಚಾಕುವಿನ ವಿಷಯ ತೆಗೆಯುತ್ತೇನೆ.

ಆ ಅಲಗು ಯಾವತ್ತೂ ಕಪ್ಪು. ಅಡಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಅದರ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಕಟ್ಟುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ಕಾಲದ ರಸಾಯನವೂ ಇದೇ. ಹಸಿ ಅಡಕೆ, ಬಾಳೆಯ ಸೊನೆ, ಮಾವಿನಕಾಯಿಯ ಹುಳಿ ಎಲ್ಲ ಸೇರಿ ಅಲಗಿನ ಮೇಲೆ ಒಂದು ಪದರ ಕೂತು, ಕೆಂಪು ತುಕ್ಕು ತಕ್ಕಮಟ್ಟಿಗೆ ದೂರ ಉಳಿಯುತ್ತಿತ್ತು. ಪೂರ್ತಿ ಅಲ್ಲ. ಮಳೆಗಾಲದಲ್ಲಿ ಒದ್ದೆ ಜೇಬಿನಲ್ಲಿ ಒಂದು ವಾರ ಬಿಟ್ಟರೆ ಕೀಲಿನೊಳಗೆ ತುಕ್ಕು ಹತ್ತಿ ಬಿಚ್ಚುವುದಕ್ಕೆ ಹಲ್ಲು ಬೇಕಾಗುತ್ತಿತ್ತು, ಅಕ್ಷರಶಃ. ಒಂದು ಹನಿ ಕೊಬ್ಬರಿಎಣ್ಣೆ ಬಿಟ್ಟರೆ ಸರಿಹೋಗುತ್ತಿತ್ತು. ಆದರೆ ಕೊಬ್ಬರಿಎಣ್ಣೆ ಕಮಟಿ ಅಂಟಾಗುವ ಎಣ್ಣೆ, ಕೀಲಿಗೆ ಒಳ್ಳೆಯದಲ್ಲ. ಹೊಲಿಗೆಯಂತ್ರದ ಎಣ್ಣೆ ಮನೆಯಲ್ಲೇ ಇತ್ತು, ಅದು ಅಮ್ಮನ ವಶದಲ್ಲಿತ್ತು.

ಹದ ಹೇಗಿತ್ತು ಎಂದರೆ, ಇರಲಿಲ್ಲ. ಜಾತ್ರೆ ಚಾಕುವಿನ ಉಕ್ಕು ಮೆತ್ತಗೆ. ಬೆಳಿಗ್ಗೆ ಮಸೆದರೆ ಸಂಜೆಗೆ ಬಾಯಿ ಹೋಗುತ್ತಿತ್ತು. ಅದಕ್ಕೇ ಹಿತ್ತಿಲಿನ ಬಚ್ಚಲ ಕಟ್ಟೆಯ ಪಕ್ಕದ ಕಲ್ಲಿನ ನಡು ತಗ್ಗಾಗಿತ್ತು. ಅಜ್ಜ ಚಾಕು ಮಸೆಯಲು ನನ್ನನ್ನು ಕೂರಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಸವರಿ ನೋಡಿ, "ಇನ್ನೂ ಬಾಯಿ ಬೈಂದಿಲ್ಲೆ, ಮಸಿ" ಎನ್ನುತ್ತಿದ್ದ. ಹೀಗೆ ಮಸೆದು ಮಸೆದು ಅಲಗು ಕಿರಿದಾಗುತ್ತ ಬಂದಂತೆ ಮೊನೆ ಬೆನ್ನಿನ ಕಡೆ ಸರಿಯುತ್ತದೆ. ಹೊಸತರಲ್ಲಿ ಹಿಡಿಯೊಳಗೆ ಅಡಗಿ ಕೂರುತ್ತಿದ್ದ ಮೊನೆ ಎರಡನೆಯ ವರ್ಷಕ್ಕೆ ಮಡಚಿದಾಗಲೂ ಹೊರಗೆ ಇಣುಕುತ್ತದೆ. ಅಜ್ಜನ ಅಂಗಿಗಳ ಬಲಜೇಬು ಎಲ್ಲವೂ ತೂತು, ಎಲ್ಲಕ್ಕೂ ತೇಪೆ. ಮೂರನೆಯ ವರ್ಷ ಜಾತ್ರೆ ಬರುವ ಹೊತ್ತಿಗೆ ಚಾಕು ತೂತಿನಿಂದ ಜಾರಿ ಎಲ್ಲೋ ತೋಟದ ಕಾದಿಗೆಯಲ್ಲಿ ಬಿದ್ದಿರುತ್ತಿತ್ತು. ಜಾತ್ರೆಗೂ ಚಾಕುವಿನ ಆಯುಷ್ಯಕ್ಕೂ ಇದ್ದ ಸಂಬಂಧ ಇಷ್ಟೇ.

ಬಿಚ್ಚಿದ ಅಲಗಿಗೆ ಬೀಗ ಇರಲಿಲ್ಲ ಎನ್ನುವುದನ್ನು ಬೇರೆಯಾಗಿಯೇ ಹೇಳಬೇಕು. ಒಳಗಿನ ಪಟ್ಟಿ ಸ್ಪ್ರಿಂಗು ಅಲಗನ್ನು ಒತ್ತಿ ಹಿಡಿದಿರುತ್ತಿತ್ತು ಅಷ್ಟೇ. ಆ ಸ್ಪ್ರಿಂಗು ಸಡಿಲಾದ ಮೇಲೆ, ಮೊನೆಯಿಂದ ಏನಾದರೂ ಚುಚ್ಚಿ ಒತ್ತಿದರೆ ಅಲಗು ಮಡಚಿಕೊಂಡು ನೇರ ಬೆರಳಿನ ಮೇಲೆ ಬರುತ್ತದೆ. ನಮ್ಮ ಕಡೆಯ ನನ್ನ ವಯಸ್ಸಿನ ಗಂಡಸರ ಬಲಗೈ ತೋರುಬೆರಳು ನೋಡಿ, ಒಳಭಾಗದಲ್ಲಿ ಅಡ್ಡಗೆರೆಯ ಕಲೆ ಇದ್ದೇ ಇರುತ್ತದೆ. ಆ ಗಾಯಕ್ಕೆ ಮನೆಯಲ್ಲಿ ಕಾಫಿಪುಡಿ ಒತ್ತುವ ಔಷಧವೂ ಇತ್ತು.

ಒಳ್ಳೆಯ ಉಕ್ಕು ಊರಲ್ಲಿ ಇರಲಿಲ್ಲವೆಂದಲ್ಲ. ಅದು ಕತ್ತಿಗೆ ಹೋಗುತ್ತಿತ್ತು. ಕುಲುಮೆಯವರು ಹಳೆಯ ಲಾರಿಯ ಪ್ಲೇಟಿನ ತುಂಡು ಕಾಯಿಸಿ, ಬಡಿದು, ಬಾಯಿಗೆ ಮಾತ್ರ ಹದ ಕೊಟ್ಟು ಮಾಡುತ್ತಿದ್ದ ಕತ್ತಿಗಳು ಇಂದಿನ ಎಷ್ಟೋ ಅಂಗಡಿ ಸರಕಿಗಿಂತ ಮೇಲು. ತೋಟಕ್ಕೆ ಹೋಗುವವರು ಅದನ್ನು ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೊಡಗಿನ ಪೀಚೆಕತ್ತಿಯಷ್ಟು ಚಂದ ಇಲ್ಲದಿದ್ದರೂ ಮಲೆನಾಡಿನವರು ನಿಜವಾಗಿ ನಂಬಿದ್ದ ಹತಾರು ಅದು. ಜೇಬಿನ ಚಾಕು ಕತ್ತಿ ಮಾಡಲಾಗದ ಚಿಲ್ಲರೆ ಕೆಲಸಕ್ಕೆ. ಹೆಂಗಸರ ಬಳಿ ಎರಡೂ ಇರಲಿಲ್ಲ. ಸೀರೆಗೆ ಜೇಬಿಲ್ಲ. ಅವರ ಅಲಗು ಅಡಕೆ ಸುಲಿಯುವ ಮೆಟ್ಟುಗತ್ತಿಯದು, ಈಳಿಗೆಮಣೆಯದು. ಅದನ್ನು ಅವರು ಹೊತ್ತು ತಿರುಗುತ್ತಿರಲಿಲ್ಲ, ಅದರ ಮುಂದೆ ರಾತ್ರಿಯಿಡೀ ಕೂರುತ್ತಿದ್ದರು. ಈಗ ಅಡಕೆ ಸುಲಿಯುವುದಕ್ಕೆ ಯಂತ್ರ ಬಂದಿದೆ. ಮೆಟ್ಟುಗತ್ತಿಯ ಬಗ್ಗೆ ಹಂಬಲಿಸಿ ಬರೆಯುವವರಲ್ಲಿ ಅದರ ಮುಂದೆ ಕೂತ ಹೆಂಗಸರು ಒಬ್ಬರೂ ಇಲ್ಲ.

ಪೇಟೆಯಲ್ಲಿ ಮಡಚುವ ಚಾಕುವಿಗೆ ಬೇರೆಯೇ ಹೆಸರಿತ್ತು. ಎಪ್ಪತ್ತು ಎಂಬತ್ತರ ದಶಕದ ಸಿನಿಮಾ ನೋಡಿದವರಿಗೆ ಚಾಕು ಎಂದರೆ ರಾಂಪುರಿ. ಖಳ ಅದನ್ನು ಕಟಕಟ ಎಂದು ಬಿಚ್ಚಿದರೆ ಟೆಂಟಿನಲ್ಲಿ ಮೌನ. ಅದು ಉತ್ತರ ಪ್ರದೇಶದ ರಾಂಪುರದ್ದು, ನವಾಬರ ಕಾಲದಿಂದ ಬಂದ ಕಸುಬು ಎಂದೆಲ್ಲ ತಿಳಿದದ್ದು ಬಹಳ ಆಮೇಲೆ. ಆ ಕಸುಬು ಸೊರಗಿತು, ಬಹುಪಾಲು ಕುಶಲಕರ್ಮಿಗಳು ಬೇರೆ ದಾರಿ ಹಿಡಿದರು. 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕು ನಿಲ್ಲಿಸಿದರು. ಮಾಡುವವರು ಕಡಿಮೆಯಾದ ಮೇಲೆ ಸ್ಮಾರಕ ಮಾಡುವುದು ನಮ್ಮ ಸರ್ಕಾರಗಳಿಗೆ ರೂಢಿ. ಸಿನಿಮಾದ ಭಯ ಕಾನೂನಿನದ್ದು ಎಂದುಕೊಂಡವರು ಈಗಲೂ ಇದ್ದಾರೆ. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ಎಂದು ಎಣಿಸುತ್ತವೆ, ಅದರಲ್ಲೂ ಮನೆಬಳಕೆಗೆ, ಕೃಷಿಗೆ ಮಾಡಿದವನ್ನು ಬಿಟ್ಟಿವೆ. ಜೇಬಿನಲ್ಲಿ ಹಿಡಿಸುವ ಚಾಕು ಈ ಅಳತೆಯ ಅರ್ಧಕ್ಕೂ ಬರುವುದಿಲ್ಲ.

ನಮ್ಮ ಮನೆಗೆ ಮೊದಲ ಕೆಂಪು ಚಾಕು ಬಂದದ್ದು ಅಮೆರಿಕದಲ್ಲಿದ್ದ ನೆಂಟರ ಕೈಯಿಂದ, ದೊಡ್ಡಪ್ಪನಿಗೆ ಉಡುಗೊರೆಯಾಗಿ. ಹಿಡಿಯ ಮೇಲೆ ಬಿಳಿ ಶಿಲುಬೆ. ಎರಡು ಅಲಗು, ಡಬ್ಬಿ ತೆರೆಯುವುದು, ಬಾಟಲಿ ಮುಚ್ಚಳ ತೆರೆಯುವುದು, ಸ್ಕ್ರೂಡ್ರೈವರು, ದಬ್ಬಣ, ಚಿಮಟ, ಹಲ್ಲುಕಡ್ಡಿ, ಹಿಂದೆ ಸುರುಳಿ ಸುರುಳಿಯದೊಂದು. ಆ ಸುರುಳಿ ಏತಕ್ಕೆ ಎಂದು ಹೇಳುವ ಧೈರ್ಯ ತಂದವರಿಗೆ ಇರಲಿಲ್ಲ. ಕೆಲವು ವರ್ಷ ಬೀರುವಿನಲ್ಲಿ ಇತ್ತು. ಆಮೇಲೆ ದೊಡ್ಡಪ್ಪ ದನದ ಕಣ್ಣಿ ಒದ್ದೆಯಾಗಿ ಬಿಗಿದ ಗಂಟು ಬಿಚ್ಚಲು ಆ ಸುರುಳಿಯೇ ಸರಿ ಎಂದು ಕಂಡುಕೊಂಡ. ದ್ರಾಕ್ಷಾರಸದ ಬಿರಡೆ ಎಳೆಯುವ ಉಪಕರಣ ಕೊಟ್ಟಿಗೆಯಲ್ಲಿ ಹತ್ತಾರು ವರ್ಷ ದುಡಿಯಿತು. ಗಂಟು ಬಿಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಮೊನೆ ನಾನು ಇನ್ನೂ ನೋಡಿಲ್ಲ.

ಆ ಚಾಕು ಹುಟ್ಟಿದ್ದೂ ಇಂಥದೇ ಲೆಕ್ಕಾಚಾರದಿಂದ. ಸ್ವಿಸ್ ಸೈನ್ಯಕ್ಕೆ 1889ರಲ್ಲಿ ಹೊಸ ರೈಫಲ್ ಬಂತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರು ಬೇಕು, ಊಟದ ಡಬ್ಬಿ ತೆರೆಯಲು ಇನ್ನೊಂದು ಬೇಕು, ಎರಡನ್ನೂ ಅಲಗಿನ ಜೊತೆ ಒಂದೇ ಹಿಡಿಯಲ್ಲಿ ಕೊಡಿ ಎಂದರು. ಮೊದಲ ಕಂತು ಜರ್ಮನಿಯ ಜೋಲಿಂಗನ್‌ನಿಂದ ಬಂತು. ಶ್ವಿಜ್ ಪ್ರಾಂತದ ಇಬಾಖ್‌ನಲ್ಲಿ 1884ರಿಂದ ಚಾಕು ಮಾಡುತ್ತಿದ್ದ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನವನ್ನು ಕೊಟ್ಟ. ಸೈನಿಕರದ್ದು ಭಾರವೆನಿಸಿ 1897ರಲ್ಲಿ ಅಧಿಕಾರಿಗಳಿಗೆಂದು ಹಗುರವಾದದ್ದು ಮಾಡಿದ. ಒಂದೇ ಸ್ಪ್ರಿಂಗಿನ ಎರಡೂ ಕಡೆ ಹತಾರು ಕೂರಿಸುವ ಉಪಾಯ ಅದರದು, ಸುರುಳಿ ಸೇರಿದ್ದೂ ಅದರಲ್ಲೇ. ತಾಯಿ ತೀರಿಕೊಂಡ ಮೇಲೆ ಅವಳ ಹೆಸರು ವಿಕ್ಟೋರಿಯಾ ಎಂಬುದನ್ನು ಕಂಪನಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕು 1921ರಲ್ಲಿ ಬಂದಾಗ ಅದರ ಫ್ರೆಂಚ್ ಹೆಸರಿನ ತುಂಡು ಸೇರಿಸಿ ವಿಕ್ಟೋರಿನಾಕ್ಸ್ ಎಂದಾಯಿತು.

ತಂಗಿಯ ಮಗನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು. ಒಂದು ಈ ಸ್ವಿಸ್ ಚಾಕುವಿನ 91 ಮಿಲಿಮೀಟರಿನ ಸ್ಪಾರ್ಟನ್, ಇನ್ನೊಂದು ಫ್ರಾನ್ಸಿನ ಒಪಿನೆಲ್ 8ನೇ ನಂಬರು. ಅವನಿಗೆ ಮನಸ್ಸು ಒಪಿನೆಲ್ ಮೇಲೆ. ನನಗೂ ಅದೇ ಹೆಚ್ಚು ಇಷ್ಟ ಎಂದು ಒಪ್ಪಿಕೊಂಡೆ. ಸಾವೊಯ್ ಬೆಟ್ಟಗಳ ಒಂದು ಹಳ್ಳಿಯಲ್ಲಿ, ಕೊಡಲಿ ಕುಡುಗೋಲು ಮಾಡುವವನ ಮಗ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಚಾಕು. ಬೀಚ್ ಮರದ ದುಂಡು ಹಿಡಿ, ತೆಳು ಅಲಗು, ಒಂದು ಮೊಳೆ. 1897ರಲ್ಲಿ 1ರಿಂದ 12ರವರೆಗೆ ಅಳತೆಗೊಂದು ನಂಬರು ಕೊಟ್ಟರು, 1955ರಲ್ಲಿ ತಿರುಗಿಸಿದರೆ ಅಲಗು ಮಡಚದಂತೆ ತಡೆಯುವ ಉಕ್ಕಿನ ಉಂಗುರ ಸೇರಿಸಿದರು. 8ನೇ ನಂಬರಿನ ಅಲಗು 8.5 ಸೆಂಟಿಮೀಟರು, ಇಡೀ ಚಾಕು ಸುಮಾರು 45 ಗ್ರಾಂ. ಕಾರ್ಬನ್ ಉಕ್ಕಿನದ್ದರಲ್ಲಿ ಇಂಗಾಲ ಶೇ. 0.9ರ ಹತ್ತಿರ, ಸ್ವಿಸ್ ಅಲಗಿನಲ್ಲಿ ಸುಮಾರು 0.55. ಒಪಿನೆಲ್ ಬಾಯಿ ಹೆಚ್ಚು ಹೊತ್ತು ನಿಲ್ಲುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಸ್ವಿಸ್‌ದು ಬೇಗ ಮೊಂಡಾಗುತ್ತದೆ, ಬೇಗ ಬಾಯಿಗೂ ಬರುತ್ತದೆ, ಮಳೆಗೆ ಹೆದರುವುದಿಲ್ಲ.

ಉಕ್ಕಿನ ಹೆಸರು ಹಿಡಿದು ಕೂರುವವರು ಮರೆಯುವುದು ಅಲಗಿನ ದಪ್ಪವನ್ನು. ಒಪಿನೆಲ್ ಟೊಮೆಟೊ ಕೊಯ್ಯುವುದು ತೆಳುವಾಗಿರುವುದರಿಂದ. ಈಚಿನ ಎಷ್ಟೋ ಚಾಕುಗಳು 3 ಮಿಲಿಮೀಟರಿಗಿಂತ ದಪ್ಪ, ಯುದ್ಧಕ್ಕೆ ಹೊರಟಂಥ ಆಕಾರ, ದುಬಾರಿ ಉಕ್ಕು. ಸೇಬಿಗೆ ಒತ್ತಿದರೆ ಕೊಯ್ಯುವುದಿಲ್ಲ, ಬೆಣೆ ಹೊಡೆದಂತೆ ಸೀಳುತ್ತವೆ. ಒಂದೇ ಕೈಯಲ್ಲಿ ಬಿಚ್ಚಲು ಅಲಗಿನಲ್ಲಿ ದುಂಡನೆಯ ತೂತು, ಜೇಬಿಗೆ ಕ್ಲಿಪ್ಪು, ಎರಡನ್ನೂ ಅಮೆರಿಕದ ಸ್ಪೈಡರ್ಕೋ 1981ರಲ್ಲಿ ತಂದ ಮೇಲೆ ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಹಿಂಬಾಲಿಸಿದರು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಬಳ್ಳಿ ಹಿಡಿದವನಿಗೆ ಅದು ನಿಜಕ್ಕೂ ಉಪಕಾರ. ಅಜ್ಜನಿಗೆ ಸಿಕ್ಕಿದ್ದರೆ ಖುಷಿಪಡುತ್ತಿದ್ದ, ಕ್ಲಿಪ್ಪಿಗಂತೂ ಇನ್ನೂ ಹೆಚ್ಚು. ಕುರ್ಚಿಯಲ್ಲಿ ಕೂತು ಡಬ್ಬ ಒಡೆಯುವವನಿಗೆ ಎರಡೂ ಕೈ ಖಾಲಿಯೇ ಇರುತ್ತವೆ.

ಒಪಿನೆಲ್‌ಗೆ ಮಲೆನಾಡಿನಲ್ಲಿ ಒಂದು ತೊಡಕಿದೆ. ಮರದ ಹಿಡಿ ತೇವ ಕುಡಿದು ಉಬ್ಬಿ, ಸೀಳಿನೊಳಗಿನ ಅಲಗನ್ನು ಕಚ್ಚಿ ಹಿಡಿಯುತ್ತದೆ. ಅದು ಮರದ ಗುಣ, ಸಾವೊಯ್‌ನವರಿಗೂ ಗೊತ್ತು. ಅವರು ಹಿಡಿಯ ಬುಡವನ್ನು ಮೇಜಿಗೆ ಟಕ್ಕನೆ ಕುಟ್ಟಿ ಅಲಗು ಹೊರಹಾರಿಸುತ್ತಾರೆ. ಆಷಾಢದ ಆಗುಂಬೆಯಲ್ಲಿ ಮೇಜೇ ಉಬ್ಬಿರುತ್ತದೆ. ದೀಪಾವಳಿಯಿಂದ ಯುಗಾದಿಯವರೆಗೆ ಮಾತ್ರ ನನ್ನ ಒಪಿನೆಲನ್ನು ತೋಟಕ್ಕೆ ಒಯ್ಯುತ್ತೇನೆ.

ತಂಗಿಯ ಮಗನ ಆಯ್ಕೆಯನ್ನು ಕೊನೆಗೆ ಮಾಡಿದ್ದು ನಾನೂ ಅಲ್ಲ, ಅವನೂ ಅಲ್ಲ. ಇಂಗ್ಲೆಂಡಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಕಾರಣ ಕೇಳದೆ ಬಿಡುವುದು ಒಂದೇ ಬಗೆಯ ಚಾಕುವನ್ನು: ಮಡಚುವಂಥದ್ದಾಗಿರಬೇಕು, ಅಲಗಿನ ಬಾಯಿ 3 ಇಂಚು ಮೀರಿರಬಾರದು. ಬೀಗ ಬೀಳುವ ಚಾಕುವನ್ನು ಅಲ್ಲಿಯ ನ್ಯಾಯಾಲಯಗಳು ಮಡಚುವ ಚಾಕು ಎಂದು ಒಪ್ಪುವುದಿಲ್ಲ, ಎಷ್ಟೇ ಚಿಕ್ಕದಿರಲಿ. ಒಪಿನೆಲ್ 8 ಎರಡೂ ಕಡೆ ಬಿತ್ತು, ಉದ್ದದಲ್ಲೂ ಉಂಗುರದಲ್ಲೂ. ಬೆರಳು ಉಳಿಸಲೆಂದು ಮಾಡಿದ ಬೀಗವೇ ಅಲ್ಲಿ ತಪ್ಪು. ಬೆರಳಿಗೆ ಕಲೆ ಕೊಟ್ಟ ಜಾತ್ರೆಯ ಹಿತ್ತಾಳೆ ಚಾಕು ಲಂಡನ್ನಿನ ಬೀದಿಯಲ್ಲಿ ಕಾನೂನುಬದ್ಧ. ಚಾಕು ಇರಿತ ಆ ದೇಶದ ದೊಡ್ಡ ಚಿಂತೆ, ನಿಯಮಕ್ಕೆ ಕಾರಣವಿದೆ. ಆದರೆ ಇರಿಯಲು ಹೊರಟವನು ಅಡುಗೆಮನೆಯ ಚಾಕು ಎತ್ತಿಕೊಂಡು ಹೋಗುತ್ತಾನೆ ಎನ್ನುವುದು ಕಾಯ್ದೆ ಬರೆದವರಿಗೂ ತಿಳಿದದ್ದೇ.

ವಿಮಾನದ ಮಾತು ಬೇರೆ. 2001ರ ಸೆಪ್ಟೆಂಬರ್ ದಾಳಿ ಆದಮೇಲೆ ಜೇಬಿನ ಚಾಕುವಿಗೂ ಕ್ಯಾಬಿನ್ನಿಗೂ ಸಂಬಂಧ ಕಡಿಯಿತು, ವಿಕ್ಟೋರಿನಾಕ್ಸ್ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಅಮೆರಿಕದವರು 2013ರಲ್ಲಿ ಸಣ್ಣ ಅಲಗುಗಳನ್ನು ಮತ್ತೆ ಬಿಡೋಣ ಎಂದು ಹೊರಟು, ಗಗನಸಖಿಯರ ವಿರೋಧಕ್ಕೆ ಕೆಲವೇ ತಿಂಗಳಲ್ಲಿ ಹಿಂದೆ ಸರಿದರು. ಅವರ ವಿರೋಧ ಸರಿಯೇ. ದಿನಾ ಜೇಬಿನಲ್ಲಿರುವ ವಸ್ತುವನ್ನು ಹೊರಡುವ ದಿನ ನೆನಪಿಟ್ಟು ಲಗೇಜಿಗೆ ಹಾಕುವವರು ಮಾತ್ರ ಕಡಿಮೆ. ಭದ್ರತಾ ತಪಾಸಣೆಯ ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ನಾನು ಎಣಿಸದಷ್ಟು ಕೆಂಪು ಹಿಡಿಗಳನ್ನು ನೋಡಿದ್ದೇನೆ.

ಇನ್ನು ಊರು. ಅಜ್ಜನ ಜೇಬಿನ ಕೆಲಸಗಳು ಒಂದೊಂದೇ ಬೇರೆ ಕಡೆ ಹೋಗಿವೆ. ಕವಳ ಹಾಕುವವರು ಕಡಿಮೆಯಾದರು. ಪೆನ್ಸಿಲಿಗೆ ಮೆಂಡರ್ ಬಂತು, ಪತ್ರ ನಿಂತಿತು. ಅಡಕೆ ಕೊನೆ ಕೊಯ್ಯುವವರೇ ಈಗ ಮರ ಹತ್ತುವುದು ಕಡಿಮೆ, ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಲ್ಲೇ ನಿಲ್ಲುತ್ತಾರೆ. ಮೆಣಸಿಗೆ ಸೊರಗುರೋಗ ಹೆಚ್ಚಾದ ಮೇಲೆ ನನ್ನ ತಮ್ಮ ಕಾಡುಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟಲು ಕಲಿತ. ಅಲ್ಲಾದರೂ ಚಾಕು ಬೇಕಲ್ಲ ಎಂದು ಒಳ್ಳೆಯ ಜರ್ಮನ್ ಕಸಿಚಾಕು, ಒಂದೇ ಮಗ್ಗುಲಿಗೆ ಇಳಿಜಾರಿದ್ದದ್ದು, ತಂದುಕೊಟ್ಟೆ. ಅವನು ಅದನ್ನು ಹೊಗಳಿ ಒಳಗಿಟ್ಟ. ನರ್ಸರಿಯವರು ಮಾಡುವಂತೆ ಗಡ್ಡದ ಬ್ಲೇಡು ಮುರಿದು ಅರ್ಧದಲ್ಲಿ ಕಸಿ ಕಟ್ಟಿ, ಮೊಂಡಾದ ಕೂಡಲೇ ಎಸೆಯುತ್ತಾನೆ. ದಂಟಿನ ಕೊಯ್ತ ನುಣುಪಾಗಿದ್ದರೆ ಕಸಿ ಕೂಡುತ್ತದೆ, ಬ್ಲೇಡಿನಷ್ಟು ನುಣುಪು ಮಸೆದ ಚಾಕುವಿಗೆ ಬರುವುದು ಕಷ್ಟ. ಅವನ ವಾದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಬೆಂಗಳೂರಿನಲ್ಲಿ ಜೇಬಿನ ಚಾಕುವಿನ ಉತ್ತರಾಧಿಕಾರಿ ಪ್ಲಾಸ್ಟಿಕ್ ಹಿಡಿಯ ಕಟರ್. ಮೊಂಡಾದರೆ ತುದಿಯ ತುಂಡು ಲಟಕ್ಕನೆ ಮುರಿದು ಹೊಸ ಬಾಯಿ ತೆಗೆಯುವ ಈ ಉಪಾಯವನ್ನು 1956ರಲ್ಲಿ ಜಪಾನಿನ ಒಸಾಕಾದಲ್ಲಿ ಒಕಾಡಾ ಯೋಶಿಯೊ ಕಂಡುಹಿಡಿದ. ಗೆರೆ ಹಾಕಿದ ಚಾಕೊಲೇಟನ್ನು ಮುರಿಯುವುದು ನೋಡಿ ಹೊಳೆದದ್ದಂತೆ. ಮಸೆಯುವ ಕಲ್ಲನ್ನೇ ಲೆಕ್ಕದಿಂದ ತೆಗೆದ ಮನುಷ್ಯ ಅವನು. ಕೊರಿಯರ್ ಡಬ್ಬ ಒಂದೇ ಕೆಲಸವಾದರೆ ಅದಕ್ಕಿಂತ ಒಳ್ಳೆಯದು ಯಾವ ದೇಶದ ಯಾವ ಬೆಲೆಯ ಚಾಕುವೂ ಅಲ್ಲ. ಇದನ್ನು ತಂಗಿಯ ಮಗನಿಗೂ ಹೇಳಿದೆ. ಸೇಬಿನ ಕಾರಣ ಕೊಟ್ಟು ತಪ್ಪಿಸಿಕೊಂಡ. ನನ್ನ ಜೇಬಿನಲ್ಲಿ ಈಗ ಇರುವುದು 58 ಮಿಲಿಮೀಟರಿನ ಪುಟ್ಟ ಸ್ವಿಸ್ ಚಾಕು. ಅದರ ಅಲಗು ಹೊರಬರುವುದು ಅಪರೂಪ. ಪುಟ್ಟ ಕತ್ತರಿ ಮಾತ್ರ ದಿನಾ ಬೇಕು, ಹಾಲಿನ ಪೊಟ್ಟಣದ ಮೂಲೆಗೆ, ರಕ್ತದೊತ್ತಡದ ಮಾತ್ರೆಯ ಹಾಳೆಗೆ. ಅಲಗಿನ ಬದಲು ಕತ್ತರಿ ನೋಡಿ ಚಾಕು ಆರಿಸುವ ವಯಸ್ಸು ನನಗೆ ಬಂದಿದೆ.

ತಂಗಿಯ ಮಗ ಸ್ಪಾರ್ಟನ್ ತೆಗೆದುಕೊಂಡ, ಲಗೇಜಿಗೆ ಹಾಕಿಕೊಂಡು ಹೋದ. ನಾಲ್ಕೈದು ತಿಂಗಳ ಮೇಲೆ ಫೋನು: "ಮಾವ, ಚಾಕು ಮೊಂಡಾತು. ಇಲ್ಲಿ ಮಸೆ ಕಲ್ಲು ಎಲ್ಲಿ ಸಿಕ್ತು?" ಮೊಂಡಾಗಿದೆ ಎಂದರೆ ಬಳಸಿದ್ದಾನೆ. ಮನೆಯಲ್ಲಿ ಪಿಂಗಾಣಿ ಕಾಫಿ ಕಪ್ಪು ಇದೆಯಾ ಎಂದು ಕೇಳಿದೆ. ಇದ್ದು ಎಂದ. ಅದನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಕಾಣುತ್ತದೆ, ಅಲಗನ್ನು ಅದರ ಮೇಲೆ ಸ್ವಲ್ಪವೇ ಎತ್ತಿ ಹಿಡಿದು, ಒತ್ತದೆ, ಬುಡದಿಂದ ಮೊನೆಗೆ ಎಳೆ, ಈ ಮಗ್ಗುಲು ಒಮ್ಮೆ ಆ ಮಗ್ಗುಲು ಒಮ್ಮೆ ಎಂದೆ. ಸ್ವಿಸ್ ಉಕ್ಕಿಗೆ ಅಷ್ಟು ಸಾಕು. ಮುಗಿದ ಮೇಲೆ ಕಪ್ಪಿನ ತಳ ತೊಳೆದಿಡು, ಜೊತೆಗಿರುವವರಿಗೆ ಕಪ್ಪು ಗೀರು ಕಂಡರೆ ಜಗಳ ಬರುತ್ತದೆ ಎಂದೂ ಸೇರಿಸಿದೆ.